ಮೈದಣಿವಿನ ಸುಖ

ಹೋದ ವರ್ಷ ಆಷಾಢದ ಒಂದು ಸಂಜೆ ಹಾಸನದ ವೈದ್ಯರೊಬ್ಬರು ನನ್ನ ರಕ್ತಪರೀಕ್ಷೆಯ ಕಾಗದವನ್ನು ಎರಡು ಬಾರಿ ಓದಿ, ಕನ್ನಡಕವನ್ನು ತೆಗೆದು ಮೇಜಿನ ಮೇಲಿರಿಸಿ, "ಸಕ್ಕರೆ ಇನ್ನೂ ಮನೆಯೊಳಕ್ಕೆ ಬಂದಿಲ್ಲ, ಮೇಷ್ಟ್ರೇ, ಹೊಸ್ತಿಲ ಮೇಲೆ ನಿಂತಿದೆ" ಎಂದರು. ಬಳಿಕ ಔಷಧಿಯ ಹೆಸರು ಬರೆಯತಕ್ಕ ಚೀಟಿಯಲ್ಲಿ, ಔಷಧಿ ಬರೆಯುವ ಅದೇ ಕ್ರಮದಲ್ಲಿ, 'ವ್ಯಾಯಾಮ, ಅರ್ಧ ಗಂಟೆ, ದಿನಕ್ಕೊಮ್ಮೆ' ಎಂದು ಬರೆದು ಕೈಗಿತ್ತರು. ನನಗೆ ಆಗ ೩೬ ವರ್ಷ. ಇದೇ ಸಕ್ಕರೆ ನಮ್ಮ ತಂದೆಯವರಲ್ಲಿಗೆ ೪೫ರಲ್ಲಿ ಬಂದು, ೫೮ರಲ್ಲಿ ಅವರನ್ನು ಕರೆದುಕೊಂಡು ಹೋಗಿತ್ತು. ಆದಕಾರಣ ಆ ಚೀಟಿಯನ್ನು ನಾನು ಹಗುರವಾಗಿ ಎಣಿಸಲಿಲ್ಲ. ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಯವರೆಗೂ ನಡೆದೇ ಬಂದೆ.

ಆದರೆ ಭಯವೆಂಬುದು ಒಳ್ಳೆಯ ಸಾರಥಿಯಲ್ಲ. ಮೂರು ವಾರ ರಥವನ್ನೋಡಿಸಿ, ನಡುದಾರಿಯಲ್ಲಿ ಕುದುರೆಗಳನ್ನು ಬಿಚ್ಚಿಕೊಂಡು ಹೊರಟುಹೋಗುತ್ತದೆ. ಮೊದಲು ಒಂದು ವ್ಯಾಯಾಮಶಾಲೆಗೆ, ಈಗಿನವರ ಮಾತಿನಲ್ಲಿ ಜಿಮ್ಮಿಗೆ, ಮೂರು ತಿಂಗಳ ಹಣವನ್ನು ಮುಂಗಡವಾಗಿ ಕಟ್ಟಿದೆ. ಅಲ್ಲಿ ಕಾಲ ಕೆಳಗೆ ತಾನೇ ಓಡುವ ಒಂದು ಪಟ್ಟಿ. ನಾವೆಷ್ಟು ಓಡಿದರೂ ಎದುರಿನ ಗೋಡೆ ಒಂದಂಗುಲವೂ ಹತ್ತಿರ ಬಾರದು. ಹತ್ತೊಂಬತ್ತನೆಯ ದಿನ ಮಳೆ ಬಂದಿತು. ಇಪ್ಪತ್ತನೆಯ ದಿನ ಉತ್ತರಪತ್ರಿಕೆಗಳ ಕಟ್ಟು ಬಂದಿತು. ಇಪ್ಪತ್ತೊಂದನೆಯ ದಿನ ನೆಪವೇ ಬೇಕಾಗಲಿಲ್ಲ. ಅನಂತರ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ಸುತ್ತು. ಹಾಸನದ ಬೆಳಗು ತಂಪಾದದ್ದು, ಉದ್ಯಾನದ ಮರಗಳು ಸೊಗಸಾದವು, ಅದರಲ್ಲಿ ಲೋಪವಿಲ್ಲ. ಆದರೆ ನನ್ನ ಹಿಂದೆ ಮುಂದೆ ನಡೆಯುತ್ತಿದ್ದವರ ಮಾತೆಲ್ಲವೂ ಉಪವಾಸದ ಸಕ್ಕರೆ, ಉಂಡ ಮೇಲಿನ ಸಕ್ಕರೆ ಎಂಬ ಎರಡೇ ವಸ್ತುಗಳ ಸುತ್ತ ಪ್ರದಕ್ಷಿಣೆ ಬರುತ್ತಿತ್ತು. ಕೊನೆಗೆ ಯೋಗದ ತರಗತಿಗೂ ಸೇರಿದೆ. ಗುರುಗಳು ಸಮರ್ಥರೇ. ಶಿಷ್ಯನು ಮಾತ್ರ ಶವಾಸನವೊಂದರಲ್ಲಿ ಪ್ರಾವೀಣ್ಯ ಪಡೆದು, ಉಳಿದ ಆಸನಗಳಲ್ಲಿ ಗೋಡೆಯ ಗಡಿಯಾರವನ್ನೇ ಧ್ಯಾನಿಸುತ್ತಿದ್ದನು.

ಆ ತರಗತಿಯನ್ನು ಬಿಟ್ಟ ನಾಚಿಕೆಯಲ್ಲಿರುವಾಗಲೇ, ನಮ್ಮ ಹಾಸನದ ಹತ್ತಿರದ ಹುಡುಗನೊಬ್ಬನ ಕಥೆ ನೆನಪಿಗೆ ಬಂದಿತು. ಓದುಗರಲ್ಲಿ ಕೆಲವರು ಅದನ್ನು ಬಲ್ಲರು. ಬಲ್ಲವರೂ ಅದರ ಒಂದು ಸಣ್ಣ ವಿವರವನ್ನು ಗಮನಿಸಿರಲಾರರೆಂದು ನನ್ನ ಊಹೆ.

ಹಾಸನದ ಪಕ್ಕದಲ್ಲಿ ಕೌಶಿಕವೆಂಬ ಹಳ್ಳಿಯಿದೆ. ಅಲ್ಲಿ ೧೯೧೫ರ ಜುಲೈ ತಿಂಗಳಲ್ಲಿ ಪುರೋಹಿತಿಕೆಯ ಮನೆತನವೊಂದರಲ್ಲಿ ಪಟ್ಟಾಭಿ ಜೋಯಿಸರು ಹುಟ್ಟಿದರು. ಹನ್ನೆರಡು ವರ್ಷದ ಹುಡುಗನಾಗಿ ಹಾಸನದ ಶಾಲೆಯಲ್ಲಿ ಓದುತ್ತಿದ್ದಾಗ, ೧೯೨೭ರಲ್ಲಿ, ಊರಿನ ಜ್ಯೂಬಿಲಿ ಹಾಲಿನಲ್ಲಿ ಒಂದು ಪ್ರದರ್ಶನ ನಡೆಯಿತು. ಆಸನಗಳನ್ನು ಮಾಡಿ ತೋರಿಸಿದವರು ತಿರುಮಲೈ ಕೃಷ್ಣಮಾಚಾರ್ಯರು. ಶಾಸ್ತ್ರಗಳನ್ನು ಆಳವಾಗಿ ಓದಿದ್ದ ಈ ವಿದ್ವಾಂಸರು ಆ ಕಾಲದಲ್ಲಿ ಹೊಟ್ಟೆಪಾಡಿಗಾಗಿ ಹಾಸನದ ಕಡೆಯ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಣೆಯ ಕೆಲಸದಲ್ಲಿದ್ದರು. ಒಂದು ಆಸನದಿಂದ ಇನ್ನೊಂದಕ್ಕೆ ನೆಗೆಯುವ ಆ ಶರೀರವನ್ನು ನೋಡಿ ಹುಡುಗನು ಬೆರಗಾದನು. ಮರುದಿನವೇ ಅವರ ಮನೆಯನ್ನು ಹುಡುಕಿಕೊಂಡು ಹೋಗಿ, ತನಗೂ ಕಲಿಸಬೇಕೆಂದು ಬೇಡಿದನು. ಅಂದಿನಿಂದ ಎರಡು ವರ್ಷ ದಿನವೂ ಬೆಳಗ್ಗೆ ಮುಂಚೆ ಎದ್ದು ಗುರುವಿನ ಮನೆಗೆ ಹೋಗುವುದು, ಅಭ್ಯಾಸ ಮುಗಿಸಿ ಅಲ್ಲಿಂದ ಶಾಲೆಗೆ ಹೋಗುವುದು. ಪೆಟ್ಟು ತಿಂದದ್ದೂ ಉಂಟು. ಕೃಷ್ಣಮಾಚಾರ್ಯರು ಮೃದುವಾದ ಉಪಾಧ್ಯಾಯರಾಗಿರಲಿಲ್ಲ.

ನಾನು ಹೇಳಿದ ಸಣ್ಣ ವಿವರವಿದು: ಈ ಎರಡು ವರ್ಷಗಳಲ್ಲಿ ಹುಡುಗನು ಮನೆಯಲ್ಲಿ ಈ ವಿಷಯದ ಸುದ್ದಿಯನ್ನೇ ಎತ್ತಲಿಲ್ಲ.

ಇದನ್ನು ಯೋಚಿಸಿದಷ್ಟೂ ನನಗೆ ನನ್ನ ಜಿಮ್ಮಿನ ಹತ್ತೊಂಬತ್ತು ದಿನಗಳ ಗುಟ್ಟು ಹೊಳೆಯತೊಡಗಿತು. ನಾನು ಜಿಮ್ಮಿಗೆ ಸೇರಿದ ಸುದ್ದಿ ಮನೆಯಲ್ಲಿ, ಬೀದಿಯಲ್ಲಿ, ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ, ಹೊಳೆನರಸೀಪುರದಲ್ಲಿರುವ ನಮ್ಮ ತಾಯಿಯವರಲ್ಲಿ, ಎಲ್ಲೆಡೆಯೂ ಸಾರಲ್ಪಟ್ಟಿತ್ತು. ಆ ಹುಡುಗನಿಗೆ ಹೋಗೆಂದು ಹೇಳಿದವರಿಲ್ಲ, ಹೋದನೆಂದು ಮೆಚ್ಚಿದವರಿಲ್ಲ, ಆದರೂ ಹೋದನು. ೧೯೩೦ರಲ್ಲಿ ಜೇಬಿನಲ್ಲಿ ಎರಡು ರೂಪಾಯಿಗಳನ್ನಿಟ್ಟುಕೊಂಡು ಸಂಸ್ಕೃತ ಓದಲೆಂದು ಮೈಸೂರಿಗೆ ಹೊರಟುಹೋದ ಈ ಬಾಲಕ, ಅಲ್ಲಿ ಮತ್ತೆ ಅದೇ ಗುರುವನ್ನು ಕಂಡು, ತಾನೇ ಗುರುವಾಗಿ, ೧೯೬೨ರಲ್ಲಿ 'ಯೋಗಮಾಲಾ' ಎಂಬ ಕನ್ನಡ ಪುಸ್ತಕವನ್ನು ಪ್ರಕಟಿಸಿ, ೧೯೭೫ರಲ್ಲಿ ಅಮೆರಿಕಕ್ಕೂ ಹೋಗಿ ಕಲಿಸಿ, ೨೦೦೯ರಲ್ಲಿ ತೊಂಬತ್ತಮೂರನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ತೀರಿಕೊಂಡರು. ಮೈಸೂರಿನ ಅವರ ಶಾಲೆಗೆ ದೇಶದೇಶಗಳಿಂದ ಜನ ಬಂದರು. ನಮ್ಮ ಹಾಸನದಲ್ಲಿ ಎಷ್ಟು ಜನರಿಗೆ ಕೌಶಿಕದ ಈ ಸಂಬಂಧ ತಿಳಿದಿದೆಯೋ, ನಾನರಿಯೆ.

ನ್ಯಾಯವಾಗಿ ಇನ್ನೊಂದು ಪಕ್ಷವನ್ನೂ ಹೇಳಬೇಕು. ಅದೇ ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರು, ಅವರ ಪತ್ನಿಯ ತಮ್ಮ, ಬೆಳ್ಳೂರಿನ ಬಿ. ಕೆ. ಎಸ್. ಅಯ್ಯಂಗಾರ್ಯರು. ಬಾಲ್ಯದಲ್ಲಿ ಕ್ಷಯ, ಮಲೇರಿಯ, ಟೈಫಾಯಿಡ್ ಎಲ್ಲವನ್ನೂ ಕಂಡ ಆ ಕೃಶದೇಹಿ ೧೯೩೪ರಲ್ಲಿ ಮೈಸೂರಿಗೆ ಬಂದು ಆಸನ ಕಲಿತದ್ದು ಆರೋಗ್ಯಕ್ಕಾಗಿ, ಭಾವನ ಆಜ್ಞೆಗಾಗಿ, ಸಂತೋಷಕ್ಕಾಗಿ ಅಲ್ಲ. ಸಂತೋಷ ಆಮೇಲೆ ಬಂದಿತು. ಹೀಗೂ ಆಗುವುದುಂಟು. ಆದರೆ ಅವರ ಹಠ ಅವರಿಗೇ ಸರಿ; ಅದನ್ನು ನಂಬಿ ನಾನು ಜಿಮ್ಮಿಗೆ ಮತ್ತೆ ಹಣ ಕಟ್ಟಲಾರೆ. ಆ ಕೌಶಿಕದ ಹುಡುಗನ ಆಸನಗಳೂ ನನಗೆ ಒಗ್ಗವು. ನನಗೆ ಬೇಕಾದದ್ದು ಯಾರಿಗೂ ಹೇಳದೆ ಎದ್ದುಹೋಗುವಂತೆ ಮಾಡಿದ ಅವನ ಬೆಳಗಿನ ಸೆಳೆತ ಮಾತ್ರ. ಅದು ನನ್ನ ಪಾಲಿಗೆ ಎಲ್ಲಿ ಅಡಗಿದೆ?

ಇದನ್ನು ಹುಡುಕುವಾಗ ಅನಿವಾರ್ಯವಾಗಿ ನಮ್ಮ ತಂದೆಯವರ ನೆನಪಾಯಿತು. ಹೊಳೆನರಸೀಪುರದ ಹೆಸರಿನಲ್ಲಿಯೇ ಹೊಳೆಯಿದೆ. ಹೇಮಾವತಿಯ ದಡದ ಊರು ಅದು. ತಂದೆಯವರು ಹೇಮಾವತಿಯ ಮೀನು ಎಂದೇ ಹೆಸರಾಗಿದ್ದರಂತೆ. ನಾನು ಚಿಕ್ಕವನಾಗಿದ್ದಾಗ ನನ್ನನ್ನು ಬೆನ್ನಮೇಲೆ ಕೂರಿಸಿಕೊಂಡು ಬೇಸಗೆಯ ತಿಳಿನೀರಿನಲ್ಲಿ ಆಚೆ ದಡಕ್ಕೆ ಒಯ್ದದ್ದು ಈಗಲೂ ಮೈಗೆ ನೆನಪಿದೆ. ಅವರು ಉಪಾಧ್ಯಾಯರು. ನಲವತ್ತರ ಸುಮಾರಿಗೆ ಬಡ್ತಿಯಾಗಿ ಮುಖ್ಯೋಪಾಧ್ಯಾಯರಾದರು. ಆ ಬೇಸಗೆ ಯಾರೋ, "ಹೆಡ್‌ಮಾಸ್ತರರು ಹುಡುಗರ ಜೊತೆ ಹೊಳೆಗೆ ಬೀಳುವುದೇ!" ಎಂದರು. ಅಂದವರು ಯಾರೆಂಬುದು ನಮ್ಮ ತಾಯಿಯವರಿಗೂ ನೆನಪಿಲ್ಲ. ಆ ಮಾತು ಮಾತ್ರ ನೆನಪಿದೆ. ತಂದೆಯವರು ಈಜುವುದನ್ನು ನಿಲ್ಲಿಸಿದರು. ಐದು ವರ್ಷಗಳ ಬಳಿಕ ಸಕ್ಕರೆ ಬಂದಿತು. ಒಂದರಿಂದಲೇ ಇನ್ನೊಂದು ಬಂತೆಂದು ನಾನು ಹೇಳಲಾರೆ. ಅದು ವಂಶದಲ್ಲಿಯೂ ಇತ್ತು. ಆದರೆ ಮುಂದೆ ವೈದ್ಯರು ನಡೆಯಿರೆಂದು ಹೇಳಿದಾಗ ಅವರು ಹಿತ್ತಿಲಿನಲ್ಲಿ ಕೈಕಟ್ಟಿಕೊಂಡು, ಶಿಕ್ಷೆಗೊಳಗಾದ ವಿದ್ಯಾರ್ಥಿಯಂತೆ ಹಿಂದೆ ಮುಂದೆ ನಡೆಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೂ ಹೆಚ್ಚು ದಿನ ನಡೆಯಲಿಲ್ಲ. ಹೊಳೆ ಮನೆಯಿಂದ ಐದು ನಿಮಿಷದ ದಾರಿಯಲ್ಲಿತ್ತು.

(ಹೊಳೆಯ ಮಾತು ಬಂದದ್ದರಿಂದ ಹೇಳಬೇಕಾದ ಎಚ್ಚರಿಕೆಯೊಂದುಂಟು. ಮೇಲ್ಗಡೆ ಗೊರೂರಿನಲ್ಲಿ ಅಣೆಕಟ್ಟಿದೆ. ನೀರು ಬಿಟ್ಟಾಗ ಕೆಳಗಿನ ಊರುಗಳಲ್ಲಿ ಹೊಳೆ ಏರುತ್ತದೆ. ಈಜು ಬಲ್ಲೆನೆಂಬ ಧೈರ್ಯದಲ್ಲಿ ಯಾರೂ ಒಂಟಿಯಾಗಿ ಇಳಿಯಬಾರದು.)

ನಮ್ಮಂಥ ಸಂಸಾರಗಳಲ್ಲಿ ಮೈಯ ಸಂತೋಷವನ್ನು ಕಸಿದುಕೊಳ್ಳುವುದು ಸೋಮಾರಿತನಕ್ಕಿಂತ ಹೆಚ್ಚಾಗಿ ಗೌರವವೇ ಎಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಕೆಲಸ ಸಿಕ್ಕಿದವನು ಗೋಲಿಯಾಡಬಾರದು, ಮದುವೆಯಾದವಳು ಓಡಬಾರದು, ಬಡ್ತಿಯಾದವನು ಬೈಸಿಕಲ್ಲನ್ನೇರಬಾರದು. ಹಿಂದೆ ನಮ್ಮ ಊರುಗಳಲ್ಲಿ ಗರಡಿಗಳಿದ್ದವು. ಕೆಮ್ಮಣ್ಣಿನ ಅಖಾಡದಲ್ಲಿ ದಂಡೆ, ಬಸ್ಕಿ, ಸಾಮು, ಗದೆ ತಿರುಗಿಸುವುದು. ಓದಿದವರ ಮನೆಯ ಹುಡುಗರಿಗೆ ಅತ್ತ ಹೋಗುವುದೂ ಕುಂದಾಯಿತು. ಹೀಗೆ ಒಂದೊಂದನ್ನೂ ಬಿಟ್ಟುಕೊಟ್ಟು, ಕೊನೆಗೆ ವೈದ್ಯರ ಚೀಟಿ ಹಿಡಿದು, ಬಿಟ್ಟದ್ದಕ್ಕಿಂತ ಬೇಸರದ ಇನ್ನೊಂದನ್ನು ಹಣ ಕೊಟ್ಟು ಕೊಳ್ಳುತ್ತೇವೆ.

ನನ್ನ ಹೆಂಡತಿ ಅರಕಲಗೂಡಿನವಳು. ಪ್ರೌಢಶಾಲೆಯಲ್ಲಿ ಥ್ರೋಬಾಲ್ ಆಟದ ತಂಡದಲ್ಲಿದ್ದವಳೆಂಬ ಸಂಗತಿ ಮದುವೆಯಾಗಿ ಹತ್ತು ವರ್ಷಗಳವರೆಗೆ ನನಗೆ ತಿಳಿದಿರಲಿಲ್ಲ. ಮೇಲಣ ಮಾತನ್ನು ನಾನು ಉಪನ್ಯಾಸದ ಧಾಟಿಯಲ್ಲಿ ಹೇಳಿದಾಗ ಅವಳು ಪಾತ್ರೆ ತೊಳೆಯುತ್ತಲೇ, "ಹೆಂಗಸರಿಗೆ ಮನೆಗೆಲಸವೇ ವ್ಯಾಯಾಮವೆಂದು ಹೋದ ತಿಂಗಳು ಹೇಳಿದವರು ಯಾರು?" ಎಂದು ಕೇಳಿದಳು. ಹೇಳಿದವನು ನಾನೇ. ಮನೆಗೆಲಸದಲ್ಲಿ ಮೈ ದಣಿಯುವುದು ನಿಜ, ಆ ದಣಿವು ದೇಹಕ್ಕೆ ಉಪಯೋಗವಾಗುವುದೂ ನಿಜ. ಆದರೆ ಪಾತ್ರೆ ತೊಳೆಯುವಾಗ ಯಾರಾದರೂ ನಕ್ಕದ್ದನ್ನು ನಾನು ಕಂಡಿಲ್ಲ. ಎರಡು ವಾರ ಕಳೆದ ಮೇಲೆ ನಮ್ಮ ಬಡಾವಣೆಯ ಖಾಲಿ ನಿವೇಶನದಲ್ಲಿ ಎರಡು ಬಿದಿರುಗಳ ನಡುವೆ ಒಂದು ಬಲೆ ಕಾಣಿಸಿಕೊಂಡಿತು. ಶನಿವಾರ, ಭಾನುವಾರಗಳ ಸಂಜೆ ಬೀದಿಯ ಗೃಹಿಣಿಯರು ಅಲ್ಲಿ ಸೇರತೊಡಗಿದರು. ಮೊದಲ ದಿನ ಮಹಡಿಗಳ ಮೇಲೆ ನೋಡುವವರ ಸಾಲೇ ನಿಂತಿತ್ತು. ಆ ಸಾಲಿನಲ್ಲಿದ್ದ ಇಬ್ಬರು ಮೂರನೆಯ ವಾರ ಕೆಳಗಿಳಿದು ಆಡಿದರು. ನನ್ನ ಹೆಂಡತಿ ಚೆಂಡನ್ನು ಹಿಡಿದ ಕ್ಷಣವೇ ತಿರುಗಿ ಎಸೆಯುವ ವೇಗವನ್ನು ನೋಡಿ, ಇಷ್ಟು ದಿನ ನಾನು ಯಾರೊಡನೆ ವಾದ ಮಾಡುತ್ತಿದ್ದೆನೆಂದು ನನಗೇ ಅಳುಕಾಯಿತು.

ವಿಜ್ಞಾನವು ಈ ವಿಷಯದಲ್ಲಿ ಏನು ಹೇಳುತ್ತದೆಂದು ಒಂದಿಷ್ಟು ಓದಿದೆನು. ಲಂಡನ್ನಿನಲ್ಲಿ ಜೆರಿ ಮಾರಿಸ್ ಎಂಬ ವೈದ್ಯರು ತಮ್ಮ ಸಹೋದ್ಯೋಗಿಗಳೊಡನೆ ೧೯೫೩ರಲ್ಲಿ ಪ್ರಕಟಿಸಿದ ಪರಿಶೀಲನೆಯೊಂದು ಪ್ರಸಿದ್ಧವಾದದ್ದು. ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ಟಿಕೆಟ್ಟಿಗಾಗಿ ದಿನಕ್ಕೆ ಐದುನೂರರಿಂದ ಏಳುನೂರೈವತ್ತು ಮೆಟ್ಟಿಲು ಹತ್ತುತ್ತಿದ್ದನು. ಇಬ್ಬರ ಊಟ, ಸಂಬಳ, ಬೀದಿ ಹೆಚ್ಚುಕಡಮೆ ಒಂದೇ. ಹೃದಯಾಘಾತ ಮಾತ್ರ ನಿರ್ವಾಹಕರಲ್ಲಿ ಬಹಳ ಕಡಮೆ. ಮಾರಿಸರು ಪ್ರಾಮಾಣಿಕರು, ಚಾಲಕರ ಸಮವಸ್ತ್ರದ ಸೊಂಟದಳತೆಗಳನ್ನು ಪರೀಕ್ಷಿಸಿ, ಅವರು ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ಸ್ಥೂಲರಾಗಿದ್ದರೆಂಬುದನ್ನೂ ೧೯೫೬ರಲ್ಲಿ ತಾವೇ ಬಹಿರಂಗಪಡಿಸಿದರು. ಆದರೂ ಮೂಲಸಂಗತಿ ನಿಂತಿತು. ಮುಂದಿನ ಅನೇಕ ಸಂಶೋಧನೆಗಳು ಅದನ್ನು ಎತ್ತಿಹಿಡಿದವು. ನಮ್ಮ ಜೋಯಿಸರು ತೀರಿಕೊಂಡ ೨೦೦೯ರಲ್ಲಿಯೇ ಈ ಮಾರಿಸರೂ ತೀರಿಕೊಂಡರು, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ.

ನನ್ನನ್ನು ಸೆಳೆದದ್ದು ಇಷ್ಟೇ: ಆ ನಿರ್ವಾಹಕರು ಯಾರೂ ವ್ಯಾಯಾಮ ಮಾಡುತ್ತಿರಲಿಲ್ಲ. ಅವರಿಗೆ ಮೇಲಿನ ಅಂತಸ್ತಿನಲ್ಲಿ ಕೆಲಸವಿತ್ತು, ಅಷ್ಟೆ. ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಸಾಧಾರಣ ಶ್ರಮ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ೨೦೨೦ರಲ್ಲಿ ಹೇಳಿದ್ದಾರೆ. ಆ ನಿಮಿಷಗಳನ್ನು ಎಲ್ಲಿ ಕಳೆಯಬೇಕೆಂದು ನಿರ್ಬಂಧಿಸಿಲ್ಲ. ಎಲ್ಲರ ಬಾಯಲ್ಲಿರುವ ಹತ್ತು ಸಾವಿರ ಹೆಜ್ಜೆಯ ಲೆಕ್ಕವಂತೂ ೧೯೬೫ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆಯೆಣಿಸುವ ಯಂತ್ರವೊಂದನ್ನು ಮಾರುವುದಕ್ಕಾಗಿ ಇಟ್ಟ ಹೆಸರಿನಿಂದ ಹುಟ್ಟಿದ್ದು. ಅದಕ್ಕಿಂತ ಎಷ್ಟೋ ಕಡಮೆ ಹೆಜ್ಜೆಗಳಿಂದಲೂ ಪ್ರಯೋಜನವುಂಟು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಹೀರಿಕೊಳ್ಳುತ್ತದೆ. ಅದು ಬಾಡಿಗೆಯ ಪಟ್ಟಿಯ ಮೇಲೆ ದುಡಿದರೇನು, ಗದ್ದೆಯ ಬದುವಿನ ಮೇಲೆ ದುಡಿದರೇನು!

ಹಾಗಾದರೆ ನನಗೆ ಕೆಲಸವಿರುವ 'ಮೇಲಿನ ಅಂತಸ್ತು' ಯಾವುದು? ಅದನ್ನು ತೋರಿಸಿದವರು ನನ್ನ ವಿದ್ಯಾರ್ಥಿಗಳು. ಕಾರ್ತಿಕದಲ್ಲಿ ಒಬ್ಬ ಹುಡುಗ ಬಂದು, "ಸಾರ್, ನಮ್ಮೂರ ಕೆರೆ ಏರಿಯ ಕೆಳಗೆ ಒಂದು ಕಲ್ಲಿದೆ, ಅಕ್ಷರವಿದೆ, ಓದಿಕೊಡುತ್ತೀರಾ?" ಎಂದು ಕೇಳಿದನು. ಹಳಗನ್ನಡ ಬೋಧಿಸುವವನು ಆಗದೆನ್ನುವುದು ಹೇಗೆ? ಭಾನುವಾರ ಬಸ್ಸಿಳಿದು ಎರಡು ಮೈಲಿ ನಡೆದೆವು. ಕಲ್ಲು ಸವೆದಿತ್ತು. ಮಧ್ಯಾಹ್ನದ ನೇರ ಬಿಸಿಲಿನಲ್ಲಿ ಒಂದಕ್ಷರವೂ ಕಾಣಲಿಲ್ಲ. ಶಾಸನವನ್ನು ಓದಬೇಕಾದರೆ ಎಳೆಬಿಸಿಲು ಓರೆಯಾಗಿ ಕಲ್ಲಿನ ಮೇಲೆ ಬೀಳಬೇಕು; ಆಗ ಅಕ್ಷರದ ಗೆರೆಗಳಲ್ಲಿ ನೆರಳು ನಿಂತು ಅಕ್ಷರವು ಎದ್ದುಬರುತ್ತದೆ. ಆದ್ದರಿಂದ ಮರುವಾರ ನಸುಕಿನಲ್ಲಿಯೇ ಎದ್ದು ಮೊದಲ ಬಸ್ಸು ಹಿಡಿದೆ. ಯಾರೂ ಎಬ್ಬಿಸಲಿಲ್ಲ.

ಅದು ವೀರಗಲ್ಲು. ಕೆಳಗಣ ಪಟ್ಟಿಕೆಯಲ್ಲಿ ದನಗಳ ಸಾಲು, ಬಿಲ್ಲು ಹಿಡಿದ ಒಬ್ಬ ವೀರ. ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಶಿವಲಿಂಗದೆದುರು ಕುಳಿತ ಅವನೇ. ತುರುಗೊಳಿನಲ್ಲಿ, ಎಂದರೆ ದನ ಕದ್ದೊಯ್ಯುವವರೊಡನೆ ಹೋರಾಡಿ, ಮಡಿದವನು. ಹೆಸರಿನ ಮೊದಲ ಎರಡಕ್ಷರಗಳು ಮಾತ್ರ ಉಳಿದಿದ್ದವು. ಮನೆಗೆ ಮರಳಿದಾಗ ಕಾಲೆರಡೂ ಕೂಗುತ್ತಿದ್ದವು. ಆ ದಿನ ನಾನು ಎಷ್ಟು ನಡೆದೆನೆಂಬ ಯೋಚನೆಯೇ ಬಂದಿರಲಿಲ್ಲ.

ಅಲ್ಲಿಂದ ಮುಂದೆ ಅದೊಂದು ಹುಚ್ಚಾಯಿತೆನ್ನಬೇಕು. ಬಿ. ಎಲ್. ರೈಸ್ ಸಾಹೇಬರು ೧೯೦೨ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವು ಹಾಸನ ಜಿಲ್ಲೆಯದು. ತಾಲ್ಲೂಕುವಾರಾಗಿ ಸಂಖ್ಯೆ ಕೊಟ್ಟು, ಯಾವ ಊರಿನ ಯಾವ ಗುಡಿಯ ಯಾವ ದಿಕ್ಕಿನಲ್ಲಿ ಕಲ್ಲಿದೆಯೆಂದು ತಿಳಿಸಿದ್ದಾರೆ. ನಿಧಿಯ ನಕ್ಷೆ ಬೇರೆ ಬೇಕೆ? ನೂರಿಪ್ಪತ್ತು ವರ್ಷಗಳಲ್ಲಿ ಕೆಲವು ಕಲ್ಲುಗಳು ಬಟ್ಟೆಯೊಗೆಯುವ ಬಂಡೆಗಳಾಗಿವೆ, ಕೆಲವು ದೇವರಾಗಿವೆ. ಒಂದೊಂದು ಕಲ್ಲಿಗೂ ಊರಿನಲ್ಲಿ ಹತ್ತು ಜನರನ್ನು ಕೇಳುತ್ತ ತಿರುಗಬೇಕು. ಹೊಳೆನರಸೀಪುರಕ್ಕೆ ತಾಯಿಯವರನ್ನು ನೋಡಲು ಹೋಗುವಾಗ ಮೊಸಳೆಹೊಸಹಳ್ಳಿಯಲ್ಲಿ ಇಳಿದು, ಮೊಸಳೆಯ ಜೋಡಿ ಹೊಯ್ಸಳ ಗುಡಿಗಳಿಗೆ ಕಾಲ್ನಡಿಗೆ. ನಾಗೇಶ್ವರನದೊಂದು, ಚೆನ್ನಕೇಶವನದೊಂದು, ಅಣ್ಣತಮ್ಮಂದಿರಂತೆ ಒಂದೇ ಅಚ್ಚು. ಅತ್ತೆಯ ಮನೆಗೆಂದು ಅರಕಲಗೂಡಿಗೆ ಹೋದರೆ ರಾಮನಾಥಪುರದ ಕಾವೇರಿಯ ದಂಡೆ. ಇನ್ನೊಂದು ವಾರ ಕೋರವಂಗಲ; ಅಲ್ಲಿಯ ಬೂಚೇಶ್ವರ ದೇವಾಲಯ ೧೧೭೩ರದು. ಕಲ್ಲಿನ ಮುಂದೆ ಮೊಣಕಾಲೂರಿ, ಅಂಗಿಗೆಲ್ಲ ಕೆಮ್ಮಣ್ಣು ಬಳಿದುಕೊಂಡು, ತಲೆಯನ್ನು ಓರೆಮಾಡಿ ಓದುವ ನನ್ನನ್ನು ಕಂಡು ಒಂದೂರಿನಲ್ಲಿ ದನ ಕಾಯುವ ಮುದುಕನೊಬ್ಬ, "ಇವರು ಕಾಲೇಜು ಮೇಷ್ಟ್ರಂತೆ!" ಎಂದು ಹೆಂಡತಿಗೆ ಹೇಳಿ ನಕ್ಕನು. ತಂದೆಯವರ ಕಿವಿಗೆ ಬಿದ್ದ ಮಾತು ಇಂಥದೇ ಇರಬೇಕೆಂದು ಥಟ್ಟನೆ ಹೊಳೆಯಿತು. ನಾನು ಏಳಲಿಲ್ಲ. ಇನ್ನೂ ಮೂರು ಸಾಲು ಓದುವುದಿತ್ತು.

ಚನ್ನರಾಯಪಟ್ಟಣದ ತಾಲ್ಲೂಕೇ ಇದರ ರಾಜಧಾನಿ. ಶ್ರವಣಬೆಳಗೊಳದ ಎರಡು ಬೆಟ್ಟಗಳಲ್ಲಿಯೂ ಊರಿನಲ್ಲಿಯೂ ಸೇರಿ ಐದುನೂರಕ್ಕೂ ಹೆಚ್ಚು ಶಾಸನಗಳಿವೆ. ದೊಡ್ಡಬೆಟ್ಟಕ್ಕೆ ಬಂಡೆಯಲ್ಲಿಯೇ ಕಡಿದ ಆರುನೂರಕ್ಕೂ ಹೆಚ್ಚು ಮೆಟ್ಟಿಲು; ಪಾದರಕ್ಷೆಯಿಲ್ಲದೆ ಹತ್ತಬೇಕು. ಲಂಡನ್ನಿನ ನಿರ್ವಾಹಕನ ಒಂದು ದಿನದ ಲೆಕ್ಕ ಒಂದೇ ಏರಿಗೆ ಸಂದುಹೋಗುತ್ತದೆ! ಮೊದಲ ಬಾರಿ ನಾನು ನಾಲ್ಕು ಕಡೆ ನಿಂತೆ. ನಿಂತಲ್ಲಿ ಓದಲು ಏನಾದರೂ ಇದ್ದೀತೆಂದು ಬಂಡೆಯನ್ನು ನೋಡುವ ನಟನೆ ಮಾಡಿದೆ. ನನ್ನ ಪಕ್ಕದಲ್ಲಿಯೇ ಎಪ್ಪತ್ತು ದಾಟಿದ ತಾಯಿಯೊಬ್ಬರು ಒಂದೊಂದು ಮೆಟ್ಟಿಲಿಗೂ ಒಂದೊಂದು ನಮಸ್ಕಾರ ಹೇಳುತ್ತ ನನ್ನನ್ನು ದಾಟಿ ಹೋದರು. ಮೇಲೆ ಐವತ್ತೆಂಟು ಅಡಿಯ ಗೊಮ್ಮಟ; ಸುತ್ತಲೂ ಕೆರೆಗಳು, ತೆಂಗಿನ ತೋಟಗಳು, ಎದುರಿಗೆ ಚಿಕ್ಕಬೆಟ್ಟ. ನನಗಂತೂ ಚಿಕ್ಕಬೆಟ್ಟವೇ ಹೆಚ್ಚು ಪ್ರಿಯ. ಅಲ್ಲಿ ಜನ ಕಡಮೆ. ಹಾಸುಬಂಡೆಯ ಮೇಲೆ ಸಲ್ಲೇಖನ ಕೈಕೊಂಡವರ ನೆನಪಿನ ಹಳೆಯ ಶಾಸನಗಳು ನೆಲದಲ್ಲಿಯೇ ಇವೆ. ಬೆಳಗಿನ ಏಳು ಗಂಟೆಯ ಬಿಸಿಲು ಅವುಗಳ ಮೇಲೆ ಹರಿಯುವುದನ್ನು ನೋಡಲೆಂದೇ ಈ ಚಳಿಗಾಲದಲ್ಲಿ ಐದು ಸಲ ಹೋಗಿದ್ದೇನೆ. ಈಗ ದೊಡ್ಡಬೆಟ್ಟವನ್ನು ಒಂದೇ ಕಡೆ ನಿಂತು ಹತ್ತುತ್ತೇನೆ.

ವಾರದ ಉಳಿದ ದಿನಗಳಲ್ಲಿ ಏನು ಮಾಡುತ್ತೀರೆಂದು ವೈದ್ಯರು ಕೇಳಿದರು. ಭಾನುವಾರ ಬೆಟ್ಟ ಹತ್ತುವಾಗ ಉಸಿರು ಸಾಲಬೇಕಲ್ಲವೇ. ಅದಕ್ಕಾಗಿ ಕಾಲೇಜಿಗೆ ಈಗ ನಡೆದೇ ಹೋಗಿ ಬರುತ್ತೇನೆ. ಮಹಾರಾಜ ಪಾರ್ಕಿನ ಸುತ್ತುಗಳೂ ಹೇಗೋ ಸಹ್ಯವಾಗಿವೆ. ಮಾಘದಲ್ಲಿ ರಕ್ತಪರೀಕ್ಷೆಯ ಕಾಗದವನ್ನು ನೋಡಿದ ಅವರು, "ಹೊಸ್ತಿಲಿಂದ ಒಂದು ಮೆಟ್ಟಿಲು ಕೆಳಗಿಳಿದಿದೆ, ಬೀದಿಗೆ ಹೋಗಿಲ್ಲ, ಜೋಕೆ" ಎಂದು ಹೇಳಿ ಇನ್ನೊಂದು ಚೀಟಿ ಬರೆದರು. ಅದರಲ್ಲಿ ಅನ್ನ ಕಡಮೆ ಮಾಡುವ ವಿಷಯವಿತ್ತು. ಅನ್ನದ ವಿಷಯದಲ್ಲಿ ನನಗೆ ಇನ್ನೂ ಜೋಯಿಸರ ಕಥೆಯಂಥದೊಂದು ಸಿಕ್ಕಿಲ್ಲ.

ನಮ್ಮ ಮಗಳಿಗೆ ಎಂಟು ವರ್ಷ. ಶಾಲೆಯ ಆಟದ ಗಂಟೆಯೆಂದರೆ ಅವಳಿಗೆ ಆಗದು. ಸಾಲಿನಲ್ಲಿ ನಿಲ್ಲಿಸಿ ಕೈಯೆತ್ತಿಸುತ್ತಾರೆಂದು ಅವಳ ದೂರು. ನನ್ನೊಡನೆ ಕಲ್ಲು ನೋಡಲು ಒಮ್ಮೆ ಬಂದು, ಎರಡನೆಯ ಸಲ ಕರೆದಾಗ ಹೊಟ್ಟೆನೋವೆಂದಳು. ತಾಯಿಯ ಥ್ರೋಬಾಲಿಗೂ ಒಲಿಯಲಿಲ್ಲ. ಹೋದ ಭಾನುವಾರ ನಸುಕಿನಲ್ಲಿ ನಾನು ಸದ್ದಿಲ್ಲದೆ ಎದ್ದು ಚೀಲ ಹುಡುಕುತ್ತಿರುವಾಗ ಮಾಳಿಗೆಯ ಮೇಲೆ ಟಪ್ ಟಪ್ ಎಂಬ ಸದ್ದು ಕೇಳಿಸಿತು. ಮೆಟ್ಟಿಲ ತುದಿಯಿಂದ ಇಣುಕಿ ನೋಡಿದೆ. ಬಟ್ಟೆಯೊಣಗಿಸುವ ಹಗ್ಗದ ತುಂಡೊಂದನ್ನು ಎರಡು ಕೈಗಳಲ್ಲಿ ಹಿಡಿದು, ಬರಿಗಾಲಿನಲ್ಲಿ, ಚಳಿಯಲ್ಲಿ, ಹಿಮ್ಮುಖವಾಗಿ ಹಗ್ಗ ಬೀಸಿ ನೆಗೆಯುವುದನ್ನು ಅವಳು ಕಲಿಯುತ್ತಿದ್ದಳು. ಎಡವಿದಾಗಲೆಲ್ಲ ಮೊದಲಿನಿಂದ ಎಣಿಕೆ. ನಾನು ಕೆಮ್ಮದೆ, ಕರೆಯದೆ ಕೆಳಗಿಳಿದು ಬಂದು ಬಸ್ಸು ಹಿಡಿದೆನು. ಸಂಜೆ ಅವಳ ತಾಯಿ, ಬಟ್ಟೆಯ ಹಗ್ಗ ಏನಾಯಿತೆಂದು ಇಡೀ ಮನೆಯನ್ನು ವಿಚಾರಿಸುತ್ತಿದ್ದಳು, ನನಗೆ ತಿಳಿಯದೆಂದೆ.